ಪಾರ್ಥಿಯನ್ ಬೆಳ್ಳಿ ನಾಣ್ಯ, ಜೊತೆಗೊಂದು ಹಳೇ ಚೀಟಿ. ಬನವಾಸಿ ಹೊಲದಲ್ಲಿ ಸಿಕ್ಕಿದ್ದು ಅನ್ನೋದನ್ನ ನಂಬಬಹುದಾ?

ತುಂಗಾತೀರದ_ಮೇಷ್ಟ್ರು:

ಎಲ್ರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ಕಡೆಯವ್ನು, ಹೈಸ್ಕೂಲಲ್ಲಿ ಸಮಾಜ ವಿಜ್ಞಾನ ಹೇಳ್ಕೊಡ್ತೀನಿ. ಹತ್ತು ಹನ್ನೆರಡು ವರ್ಷದಿಂದ ನಾಣ್ಯ ಕೂಡಿಡ್ತಾ ಇದೀನಿ, ಶುರುವಾಗಿದ್ದು ನಮ್ಮೂರಿನ ಕಡೆ ನಾಣ್ಯದಿಂದಾನೇ, ಕೆಳದಿ ನಾಯಕರದ್ದು, ಹೈದರಾಲಿದು, ಆಮೇಲೆ ಬನವಾಸಿ ಸುತ್ತಮುತ್ತಲಿನ ಚುಟುಗಳ ಸೀಸದ ನಾಣ್ಯ. ಪಾರ್ಥಿಯನ್ ಕಡೆ ಮನಸ್ಸು ತಿರುಗಿದ್ದು ಗೌತಮೀಪುತ್ರ ಶಾತಕರ್ಣಿ ಪಾಠ ಮಾಡೋವಾಗ, ನಾಸಿಕದ ಶಾಸನದಲ್ಲಿ ಅವನನ್ನ ಶಕ ಯವನ ಪಹ್ಲವರನ್ನ ನಾಶ ಮಾಡ್ದವ್ನು ಅಂತ ಹೊಗಳಿದಾರಲ್ಲ, ಒಬ್ಬ ಹುಡುಗ ಎದ್ದು ನಿಂತು ಸಾರ್ ಈ ಪಹ್ಲವರು ಅಂದ್ರೆ ಯಾರು ಅಂದ. ಅವತ್ತು ಸರಿಯಾಗಿ ಉತ್ತರ ಕೊಡಕ್ಕಾಗ್ಲಿಲ್ಲ, ಮನೆಗೆ ಬಂದು ಓದಿದಾಗ ಪಹ್ಲವರು ಅಂದ್ರೆ ಇರಾನ್ ಆಳಿದ ಪಾರ್ಥಿಯನ್ನರು ಅಂತ ಗೊತ್ತಾಯ್ತು, ಹಂಗೇ ಓದ್ತಾ ಕೂತೋನು ಇಲ್ಲಿಗೆ ಬಂದು ನಿಂತಿದೀನಿ.

ಹೋದ ದೀಪಾವಳಿ ಟೈಮಲ್ಲಿ ಶಿವಮೊಗ್ಗದಲ್ಲಿ ಒಬ್ರು ಹಳೇ ನಾಣ್ಯ ವ್ಯಾಪಾರಿ ಹತ್ರ ಪಾರ್ಥಿಯನ್ನರ ಎರಡು ಡ್ರಾಕ್ಮ್, ಅಂದ್ರೆ ಸಣ್ಣ ಬೆಳ್ಳಿ ನಾಣ್ಯ, ತಗೊಂಡೆ. ಒಂದರಲ್ಲಿ ಎಡಕ್ಕೆ ತಿರುಗಿರೋ ರಾಜನ ಮುಖ, ಗಿಡ್ಡ ಗಡ್ಡ, ಹಣೆ ಮೇಲೆ ನರಹುಲಿ ಥರ ಒಂದು ಗುಳ್ಳೆ, ತಲೆ ಆಚೀಚೆ ನಕ್ಷತ್ರ ಮತ್ತೆ ಅರ್ಧಚಂದ್ರ, ಹಿಂದುಗಡೆ ಪೀಠದ ಮೇಲೆ ಕೂತು ಬಿಲ್ಲು ಹಿಡ್ಕೊಂಡಿರೋ ಮನುಷ್ಯ, ಸುತ್ತ ಚೌಕಾಕಾರದಲ್ಲಿ ಗ್ರೀಕ್ ಅಕ್ಷರ. ತೂಕ 3.90 ಗ್ರಾಂ, ನಮ್ಮೂರಿನ ಚಿನ್ನದಂಗಡಿ ತಕ್ಕಡಿಲಿ ತೂಗಿಸಿದ್ದು. ಇನ್ನೊಂದು ಮಿತ್ರಿಡೇಟಿಸ್ 2 ಅನ್ನೋ ಪಾರ್ಥಿಯನ್ ರಾಜನದ್ದು ಅಂತ ಹೇಳಿ ಕೊಟ್ರು, ಅದು 3.1 ಗ್ರಾಂ ಅಷ್ಟೇ ಇದೆ, ಅಂಚಲ್ಲಿ ಸುತ್ತಲೂ ಒಂದು ಸಣ್ಣ ಗೆರೆ ಕಾಣುತ್ತೆ.

ಮೊದಲನೇದರ ಜೊತೆ ಒಂದು ಗುಂಡಗಿನ ಚೀಟಿ ಬಂತು, ಹಳದಿಯಾಗಿದೆ, ಶಾಯಿಲಿ ಇಂಗ್ಲಿಷ್ ಅಕ್ಷರದಲ್ಲಿ ಪಾರ್ಥಿಯಾ, ಒರೋಡೆಸ್ 1 (ರಾಜನ ಹೆಸರು), ಆಮೇಲೆ ಬಿ.ಎಂ.ಸಿ. ಅಂತ ಬರ್ದು ಒಂದು ಮಸುಕಾದ ನಂಬರು, ಕೆಳಗೆ 3.92. ಆ ವ್ಯಾಪಾರಿ ಹೇಳಿದ್ದು ಏನಂದ್ರೆ ಈ ನಾಣ್ಯ ಬನವಾಸಿ ಹತ್ರ ಒಂದು ಹೊಲ ಉಳೋವಾಗ ಸಿಕ್ಕಿದ್ದು, ಹಂಗಾಗಿ ರೇಟು ಸ್ವಲ್ಪ ಜಾಸ್ತಿ ಅಂತ. ನಿಜ ಹೇಳ್ಬೇಕಂದ್ರೆ ಆ ಮಾತು ಕೇಳಿ ನನಗೆ ಮೈ ಜುಂ ಅಂತು, ಪಹ್ಲವರ ನಾಣ್ಯ ನಮ್ಮ ಬನವಾಸಿಲಿ ಅಂದ್ರೆ ಸುಮ್ನೆ ಅಲ್ಲ. ಆದ್ರೆ ಮನೆಗೆ ಬಂದು ಇಂಟರ್‌ನೆಟ್ಟಲ್ಲಿ ಹೋಲಿಸಿ ನೋಡಿದ್ರೆ ಈ ನಾಣ್ಯ ಒರೋಡೆಸ್ 2 ಅಂತ ಬರುತ್ತೆ, ಚೀಟಿಲಿ ಒರೋಡೆಸ್ 1 ಅಂತಿದೆ. ಚೀಟಿ ಬೇರೆ ಯಾವುದೋ ನಾಣ್ಯದ್ದು ತಂದು ಇದಕ್ಕೆ ಸೇರಿಸಿದಾರೆ ಅಂತ ಅನುಮಾನ ಬಂದು ಬಿಸಾಕಣ ಅಂತ ಇದ್ದೆ. ತಿಳ್ಕೊಂಡವ್ರು ದಯವಿಟ್ಟು ಹೇಳಿ, ಇದರ ಪೂರ್ವಾಪರ ಹುಡ್ಕೋದು ಹೆಂಗೆ? ಮನೇಲಿ ಇಟ್ಕೊಳ್ಳೋದು ಕಾನೂನು ಪ್ರಕಾರ ಸರೀನಾ?

ಇಕ್ಕೇರಿ_ವರಹ:

ಮೇಷ್ಟ್ರೇ, ಮೊದ್ಲು ಒಂದು ಮಾತು, ಆ ಚೀಟಿ ಬಿಸಾಕ್ಬೇಡಿ. ಕೈ ಮುಗೀತೀನಿ. ನೀವು ಕೊಂಡಿರೋದ್ರಲ್ಲಿ ನಾಣ್ಯದಷ್ಟೇ ಬೆಲೆ ಬಾಳೋದು ಅದೇ.

ಒರೋಡೆಸ್ 1 ಅಂತ ಇರೋದು ತಪ್ಪಲ್ಲ, ಅದೇ ಆ ಚೀಟಿ ಹಳೇದು ಅನ್ನೋದಕ್ಕೆ ಗುರುತು. ಹೆಂಗೆ ಅಂದ್ರೆ, ಪಾರ್ಥಿಯನ್ ರಾಜರು ಸುಮಾರು ಕ್ರಿ.ಪೂ. 247ರಿಂದ ಕ್ರಿ.ಶ. 224ರವರೆಗೆ ಆಳಿದ್ರು, ಅಷ್ಟು ಉದ್ದಕ್ಕೂ ಹೆಚ್ಚುಕಡಿಮೆ ಎಲ್ರೂ ನಾಣ್ಯದ ಮೇಲೆ ತಮ್ಮ ಸ್ವಂತ ಹೆಸರು ಹಾಕ್ದೆ ಮೂಲಪುರುಷ ಅರ್ಸಾಕೆಸನ ಹೆಸರನ್ನೇ ಬಿರುದಿನ ಥರ ಹಾಕ್ಕೊಂಡ್ರು. ನೀವು ಚುಟು ನಾಣ್ಯ ನೋಡಿರೋದ್ರಿಂದ ನಿಮಗೆ ಬೇಗ ಅರ್ಥ ಆಗುತ್ತೆ, ಅಲ್ಲೂ ರಞೋ ಚುಟುಕುಳಾನಂದಸ ಅಂತ ಇರುತ್ತೆ, ಅದು ಬಿರುದು, ಯಾವ ರಾಜ ಅಂತ ಅದ್ರಿಂದ ಗೊತ್ತಾಗಲ್ಲ. ಇಲ್ಲೂ ಹಂಗೇ. ಗ್ರೀಕಲ್ಲಿ ರಾಜಾಧಿರಾಜ, ಅರ್ಸಾಕೆಸ್, ಉಪಕಾರಿ, ನ್ಯಾಯವಂತ, ಗ್ರೀಕರ ಮಿತ್ರ ಅಂತ ಸಾಲುಸಾಲಾಗಿ ಬಿರುದು ಬರ್ದಿರ್ತಾರೆ, ಹೆಸರಿಲ್ಲ. ಹಂಗಾಗಿ ವಿದ್ವಾಂಸರು ಮುಖ, ಕಿರೀಟ, ಗಡ್ಡ, ಅಕ್ಷರದ ಸಾಲು ಇವನ್ನ ನೋಡಿ ರಾಜರನ್ನ ಸಾಲಾಗಿ ಜೋಡಿಸ್ತಾ ಬಂದ್ರು, ಜೋಡಣೆ ಬದಲಾದ ಹಾಗೆ ನಂಬರೂ ಬದಲಾಯ್ತು. ಕ್ರಿ.ಪೂ. 53ರಲ್ಲಿ ಕಾರೆ ಯುದ್ಧದಲ್ಲಿ ರೋಮಿನ ಕ್ರಾಸಸ್‌ನ ಸೈನ್ಯ ನಿರ್ನಾಮ ಆಯ್ತಲ್ಲ, ಆಗ ಆಳ್ತಿದ್ದ ರಾಜನನ್ನ ಹಳೇ ಪುಸ್ತಕಗಳಲ್ಲಿ ಒರೋಡೆಸ್ 1 ಅಂತಿದ್ರು. ಆಮೇಲೆ ಅವನಿಗಿಂತ ಮುಂಚೆ ಇನ್ನೊಬ್ಬ ಒರೋಡೆಸ್ ಇದ್ದ ಅಂತ ಖಚಿತ ಆಯ್ತು, ಇವನು 2 ಆದ. ನಿಮ್ಮ ನಾಣ್ಯದ ವರ್ಣನೆ, ಅಂದ್ರೆ ನಕ್ಷತ್ರ, ಚಂದ್ರ, ನರಹುಲಿ, ಎಲ್ಲ ಅವನದ್ದೇ. ಆ ನರಹುಲಿ ಈ ಮನೆತನದ ಬೇರೆ ರಾಜರ ಮುಖದಲ್ಲೂ ಬರುತ್ತೆ, ಅಚ್ಚು ಕೆತ್ತಿದವ್ನು ರಾಜನ ಮುಖ ಇದ್ದ ಹಾಗೇ ಕೆತ್ತಿದಾನೆ ಅನ್ನೋದು ನನಗಂತೂ ಯಾವಾಗ್ಲೂ ಬಹಳ ಇಷ್ಟ ಆಗೋ ವಿಷಯ.

ಈಗ ಬಿ.ಎಂ.ಸಿ. ಅಂದ್ರೆ ಬ್ರಿಟಿಷ್ ಮ್ಯೂಸಿಯಂ ಕ್ಯಾಟಲಾಗ್, ಪಾರ್ಥಿಯಾದ ಸಂಪುಟ ವಾರ್ವಿಕ್ ರಾತ್ ಬರೆದದ್ದು, 1903ರಲ್ಲಿ ಬಂತು. ಇವತ್ತು ಎಲ್ರೂ ಬಳಸೋದು ಡೇವಿಡ್ ಸೆಲ್‌ವುಡ್ ಅವರ ನಂಬರು, ಆ ಪುಸ್ತಕ ಮೊದಲು ಬಂದಿದ್ದು 1971ರಲ್ಲಿ, ಪರಿಷ್ಕರಿಸಿದ್ದು 1980ರಲ್ಲಿ. ನಿಮ್ಮ ಚೀಟಿಲಿ ಬಿ.ಎಂ.ಸಿ. ನಂಬರಿದೆ, ಸೆಲ್‌ವುಡ್ ನಂಬರಿಲ್ಲ, ರಾಜನ ನಂಬರು ಹಳೇ ಲೆಕ್ಕದ್ದು. ಅಂದ್ಮೇಲೆ ಅದನ್ನ ಬರ್ದವ್ರು 1903ರ ನಂತರ, ಬಹುತೇಕ 1971ಕ್ಕೆ ಮುಂಚೆ ಬರ್ದಿರ್ಬೇಕು. ತೂಕ 3.92 ಅಂತಿದೆ, ನಿಮ್ಮ ತಕ್ಕಡಿ 3.90 ತೋರಿಸ್ತು, ಚೀಟಿ ಅದೇ ನಾಣ್ಯದ್ದು ಅನ್ನೋಕೆ ಇದೂ ಒಂದು ಆಧಾರ.

ಇನ್ನು ಬನವಾಸಿ ಕಥೆ. ಅಷ್ಟು ಹಳೇ ಚೀಟಿ ಅಂಟ್ಕೊಂಡಿರೋ ನಾಣ್ಯ, ಯಾರದ್ದೋ ಸಂಗ್ರಹದಲ್ಲಿ ಕೂತು ತೂಕ ಹಾಕಿಸ್ಕೊಂಡು ಕ್ಯಾಟಲಾಗ್ ನಂಬರು ಬರೆಸ್ಕೊಂಡಿರೋ ನಾಣ್ಯ, ಮೊನ್ನೆ ಹೊಲ ಉಳೋವಾಗ ನೇಗಿಲಿಗೆ ಹೆಂಗೆ ಸಿಗುತ್ತೆ? ಎರಡರಲ್ಲಿ ಒಂದೇ ನಿಜ ಆಗ್ಬಹುದು. ಚೀಟಿ ಕಣ್ಮುಂದೆ ಇದೆ, ಕಥೆ ಬರೀ ಬಾಯಿಮಾತು.

ಆ ಮಿತ್ರಿಡೇಟಿಸ್ ಎರಕ ಹೊಯ್ದ ನಕಲು. ಅಸಲಿ ಡ್ರಾಕ್ಮ್‌ನ ಅಚ್ಚಿಟ್ಟು ಸುತ್ತಿಗೆಲಿ ಹೊಡೆದು ಮಾಡೋರು, ಅಂಚಲ್ಲಿ ಸುತ್ತಲೂ ಗೆರೆ ಬರೋ ಮಾತೇ ಇಲ್ಲ, ಎರಡು ಭಾಗದ ಅಚ್ಚಿಗೆ ಬೆಳ್ಳಿ ಹೊಯ್ದಾಗ ಸಂದಿಲಿ ಬರೋ ಗೆರೆ ಅದು. ಭೂತಗನ್ನಡಿ ಹಿಡಿದು ನೋಡಿ, ಮೇಲೆ ಗುಳ್ಳೆ ಒಡೆದ ಥರ ಸಣ್ಣಸಣ್ಣ ತೂತೂ ಕಾಣ್ಬಹುದು. ಅವನ ಡ್ರಾಕ್ಮ್ 4 ಗ್ರಾಂ ಹತ್ರ ಇರ್ಬೇಕಿತ್ತು. ವಾಪಸ್ ಕೊಟ್ಬಿಡಿ.

ಗಾಜನೂರು_ಹಿನ್ನೀರು:

ಕಾನೂನಿನ ಬಗ್ಗೆ ನಾನು ಹೇಳ್ತೀನಿ, ಈ ವಿಷಯದಲ್ಲಿ ಸ್ವಲ್ಪ ಓಡಾಡಿದೀನಿ. 1972ರ ಪುರಾವಸ್ತು ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪುರಾವಸ್ತು ಆಗುತ್ತೆ. ವಿಗ್ರಹ, ವರ್ಣಚಿತ್ರ ಇಂಥವಕ್ಕೆ ನೋಂದಣಿ ಬೇಕು, ಬಿಡಿ ನಾಣ್ಯ ಮನೇಲಿ ಇಟ್ಕೊಳ್ಳೋಕೆ ಆ ನೋಂದಣಿ ಇಲ್ಲ. ಆದ್ರೆ ವ್ಯಾಪಾರ ಮಾಡೋರಿಗೆ ಲೈಸೆನ್ಸ್ ಬೇಕು, ಹೊರದೇಶಕ್ಕೆ ಕಳ್ಸೋದು ಅಂತೂ ಖಾಸಗಿಯವ್ರು ಯಾರೂ ಮಾಡೋ ಹಂಗಿಲ್ಲ, ಪರದೇಶದ ನಾಣ್ಯ ಆದ್ರೂ ಅಷ್ಟೇ. ಮಗ ಅಮೆರಿಕದಲ್ಲಿದಾನೆ ಅಲ್ಲಿ ಹರಾಜಿಗೆ ಹಾಕಣ ಅಂತ ಜೇಬಲ್ಲಿಟ್ಕೊಂಡು ಹೋಗ್ಬಾರ್ದು.

ಬನವಾಸಿ ಹೊಲದ ಮಾತು ನಿಜಾನೇ ಆಗಿದ್ರೆ ಅದು ಇನ್ನೂ ದೊಡ್ಡ ತೊಂದ್ರೆ. ನಿಧಿ ಕಾಯ್ದೆ ಇದೆ, ಕರ್ನಾಟಕಕ್ಕೆ 1962ರದ್ದು, ನೆಲದಲ್ಲಿ ಹುದುಗಿದ್ದ ನಿಧಿ ಸಿಕ್ಕಿದ್ರೆ ಸಿಕ್ಕಿದವ್ರು ಕಲೆಕ್ಟರ್‌ಗೆ ತಿಳಿಸ್ಲೇಬೇಕು. ಅಂದ್ರೆ ಆ ವ್ಯಾಪಾರಿ ರೇಟು ಏರಿಸೋಕೆ ಹೇಳಿದ ಮಾತು ಸುಳ್ಳಾದ್ರೆ ಮೋಸ, ನಿಜವಾದ್ರೆ ಅಪರಾಧ, ಅವ್ರಿಗೆ ಇದು ತಲೆಗೇ ಹೊಳೆದಿಲ್ಲ.

ಇನ್ನೊಂದು, ನಮ್ ಕಡೆ ಅಂಥ ಕಥೆ ಹುಟ್ಟೋಕೆ ಕಾರಣ ಇದೆ. ಚಿತ್ರದುರ್ಗದ ಚಂದ್ರವಳ್ಳಿಲಿ ರೋಮನ್ ಬೆಳ್ಳಿ ದಿನಾರಿ ಸಿಕ್ಕಿರೋದು ನಿಜ, 1947ರಲ್ಲಿ ಪುರಾತತ್ವಜ್ಞ ವೀಲರ್ ಅಗೆದಾಗಲೂ ಶಾತವಾಹನ ಕಾಲದ ಪದರದ ಲೆಕ್ಕ ಹಾಕೋಕೆ ಆ ನಾಣ್ಯಗಳು ಆಸರೆ ಆದ್ವು. ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ ರೋಮನ್ ಬೆಳ್ಳಿ ನಾಣ್ಯಗಳ ರಾಶಿಯೇ ಸಿಕ್ತು. ಅವು ಮೆಣಸು, ಮಣಿ, ಬಟ್ಟೆ ವ್ಯಾಪಾರಕ್ಕೆ ಹಡಗಲ್ಲಿ ಬಂದ ಬೆಳ್ಳಿ. ಪಾರ್ಥಿಯನ್ ಡ್ರಾಕ್ಮ್ ಓಡಾಡಿದ್ದು ಮುಖ್ಯವಾಗಿ ಇರಾನ್, ಮೆಸೊಪೊಟೇಮಿಯಾ, ಆಚೆ ತುರ್ಕಮೇನಿಸ್ತಾನದ ಕಡೆ. ಭಾರತದ ವಾಯವ್ಯಕ್ಕೆ ಬಂದ ಪಹ್ಲವರು, ಗೊಂಡೊಫರ್ನೆಸ್ ಮತ್ತೆ ಅವನ ವಂಶದವ್ರು, ತಕ್ಷಶಿಲೆ ಕಡೆ ಬೇರೆಯದೇ ನಾಣ್ಯ ಹೊಡೆಸಿದ್ರು. ಹೆಸರಿಗೆ ಪಹ್ಲವರು ನಮ್ ಚರಿತ್ರೆಲೂ ಬರ್ತಾರೆ, ಕ್ರಿ.ಶ. 150ರ ಜುನಾಗಢದ ಶಾಸನದಲ್ಲಿ ಸುದರ್ಶನ ಕೆರೆ ಏರಿ ರಿಪೇರಿ ಮಾಡಿಸಿದ ಅಧಿಕಾರಿ ಸುವಿಶಾಖ ಪಹ್ಲವನೇ. ನಿಮ್ಮ ಹುಡುಗನಿಗೆ ಅದನ್ನ ಹೇಳಿ, ಸೋತ ಪಹ್ಲವರು ಅಷ್ಟೇ ಅಲ್ಲ, ಕೆರೆ ಏರಿ ರಿಪೇರಿ ಮಾಡಿಸಿದ ಪಹ್ಲವನೂ ಇದ್ದ ಅಂತ. ಆದ್ರೆ ಶಾಸನದಲ್ಲಿ ಹೆಸರಿದೆ ಅಂತ ನಾಣ್ಯ ತಂದು ಬನವಾಸಿ ಹೊಲದಲ್ಲಿ ನೆಡ್ಬಾರ್ದು. ನಾಳೆ ಯಾರೋ ಆ ಮಾತು ನಂಬಿ ಒಂದು ಲೇಖನ ಬರೀತಾರೆ, ನಾಡಿದ್ದು ಅದು ನಕಾಶೆ ಮೇಲೆ ಚುಕ್ಕಿ ಆಗುತ್ತೆ, ಆಮೇಲೆ ಅಳಿಸೋದು ಬಹಳ ಕಷ್ಟ.

ಶರಾವತಿ_ಸುಮ:

ಮೇಷ್ಟ್ರೇ, ನಾನು ಸಾಗರದವ್ಳು, ನೀವು ಮಾಡೋಕೆ ಹೊರಟಿದ್ದ ಕೆಲ್ಸ ನಾನು ಮಾಡಿಬಿಟ್ಟಿದ್ದೆ, ಅದಕ್ಕೇ ಬರೀತಿದೀನಿ.

2014ರಲ್ಲಿ ನಾನೊಂದು ಫ್ರಾಟೆಸ್ 4ರ ಡ್ರಾಕ್ಮ್ ಕೊಂಡೆ, ರಾಜನ ತಲೆ ಹಿಂದೆ ಹದ್ದು ಹಾರ ಹಿಡ್ಕೊಂಡು ಬರೋದು. ಕಪ್ಪಗಿತ್ತು. ಹಬ್ಬಕ್ಕೆ ದೇವರ ಪಾತ್ರೆ ಬೆಳಗೋವಾಗ ಅದನ್ನೂ ಹುಣಸೆಹಣ್ಣು ಉಪ್ಪು ಹಾಕಿ ತಿಕ್ಕಿದೆ. ಫಳಫಳ ಅಂತು, ಆದ್ರೆ ಎರಡು ಸಾವಿರ ವರ್ಷದ ಆ ಬೂದುಗಪ್ಪು ಬಣ್ಣ ಹೋಯ್ತು, ಮೇಲೆಲ್ಲಾ ಕೂದಲೆಳೆ ಥರ ಗೀರು. ಅದಕ್ಕಿಂತ ದೊಡ್ಡದು, ಅದು ಬಂದಿದ್ದ ಕಂದು ಬಣ್ಣದ ಸಣ್ಣ ಲಕೋಟೆಲಿ ಏನೋ ಬರ್ದಿತ್ತು, ಪರಭಾಷೆ, ಓದಕ್ಕಾಗ್ಲಿಲ್ಲ, ಬಚ್ಚಲ ಒಲೆಗೆ ಹಾಕಿದೆ. ಅದು ನೆನಪಾದ್ರೆ ಇವತ್ತಿಗೂ ಹೊಟ್ಟೆ ಉರಿಯುತ್ತೆ.

ಆಮೇಲೆ ಗೊತ್ತಾಯ್ತು, ಕಾಗದ ಇಲ್ದೇ ಹೋದ್ರೂ ನಾಣ್ಯದ ಮೈ ನೋಡಿ ಹುಡುಕ್ಬಹುದು ಅಂತ. ಕೈಲಿ ಹೊಡೆದ ನಾಣ್ಯ ಅಲ್ವಾ, ಒಂದರ ಹಾಗೆ ಇನ್ನೊಂದು ಇರಲ್ಲ, ಸುತ್ತಿನ ಆಕಾರ ಬೇರೆ, ಅಚ್ಚು ಕೂತ ಜಾಗ ಬೇರೆ, ಅಂಚಿನ ಬಿರುಕು ಬೇರೆ. ನೂರು ವರ್ಷದ ಹಿಂದಿನ ಯೂರೋಪಿನ ಹರಾಜು ಕ್ಯಾಟಲಾಗ್‌ಗಳಲ್ಲಿ ನಾಣ್ಯದ ಫೋಟೋ ನೇರ ತೆಗೀತಿರ್ಲಿಲ್ಲ, ಪ್ಲಾಸ್ಟರ್ ಅಚ್ಚು ಮಾಡಿ ಅದರ ಫೋಟೋ ತೆಗೆಯೋರು, ಅದಕ್ಕೇ ಬಣ್ಣ ಕಲೆ ಗೊತ್ತಾಗಲ್ಲ, ಆದ್ರೆ ಆಕಾರ ಬಿರುಕು ಚೆನ್ನಾಗಿ ಕಾಣುತ್ತೆ. ಸಾಮಾನ್ಯವಾಗಿ ಚಿತ್ರ ನಾಣ್ಯದಷ್ಟೇ ದೊಡ್ಡದಿರುತ್ತೆ. ನಾನು ನನ್ನ ನಾಣ್ಯದ ಫೋಟೋ ಅದೇ ಅಳತೆಲಿ ಪ್ರಿಂಟ್ ತೆಗೆದು ಟ್ರೇಸಿಂಗ್ ಪೇಪರ್ ಮೇಲೆ ಅಂಚು ಬರ್ಕೊಂಡೆ. ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದ ಲೈಬ್ರರಿಯವ್ರು ಹಳೇ ಜರ್ಮನ್ ಹರಾಜು ಕ್ಯಾಟಲಾಗ್‌ಗಳನ್ನ ಸ್ಕ್ಯಾನ್ ಮಾಡಿ ಇಟ್ಟಿದಾರೆ, ದುಡ್ಡಿಲ್ಲ. ಅಮೆರಿಕದ ನ್ಯೂಮನ್ ಪೋರ್ಟಲ್ ಅಂತ ಇದೆ, ಅಲ್ಲೂ ರಾಶಿ ಇದೆ. ಮಳೆಗಾಲದಲ್ಲಿ ಇಲ್ಲಿ ಹೊರಗೆ ಕಾಲಿಡಕ್ಕಾಗಲ್ವಲ್ಲ, ಸಂಜೆ ಕರೆಂಟ್ ಇದ್ದಾಗೆಲ್ಲಾ ಕೂತು ಒಂದೊಂದೇ ಪುಟ ತಿರುವಿದೆ. ಮೂರನೇ ಮಳೆಗಾಲದಲ್ಲಿ ಸಿಕ್ತು! 1920ರ ದಶಕದ ಒಂದು ಕ್ಯಾಟಲಾಗ್, ಬಿಲ್ಲುಗಾರನ ಕಾಲಿನ ಹತ್ರ ಬಿರುಕು, ಮೇಲ್ಗಡೆ ಚಪ್ಪಟೆ, ಕಾಗದ ಇಟ್ರೆ ಗೆರೆಗೆ ಗೆರೆ ಕೂತ್ಕೊಳ್ತು. ಆವತ್ತು ರಾತ್ರಿ ನಿದ್ದೆ ಬರ್ಲಿಲ್ಲ ನನಗೆ. ಆ ಹರಾಜಿಂದ 2014ರವರೆಗೆ ನಡುವೆ ಎಲ್ಲಿತ್ತು ಅನ್ನೋದು ಆ ಲಕೋಟೆಲಿ ಇತ್ತೋ ಏನೋ, ಅದು ಬೂದಿ ಆಯ್ತು.

ನಿಮ್ಮ ಚೀಟಿನ ಎರಡೂ ಕಡೆ ಸ್ಕ್ಯಾನ್ ಮಾಡಿ. ಲ್ಯಾಮಿನೇಷನ್ ಮಾಡಿಸ್ಬೇಡಿ. ನಾಣ್ಯ ಮೆತ್ತಗಿನ ಪ್ಲಾಸ್ಟಿಕ್ ಪೌಚಲ್ಲಿ ಬಂದಿದ್ರೆ ಇವತ್ತೇ ತೆಗೀರಿ, ಅದು ಪಿವಿಸಿ, ನಮ್ಮ ಆಗುಂಬೆ ತೀರ್ಥಹಳ್ಳಿ ಶೀತಕ್ಕೆ ಒಂದೆರಡು ಮಳೆಗಾಲದಲ್ಲಿ ಹಸಿರು ಅಂಟು ಬಿಟ್ಕೊಂಡು ಬೆಳ್ಳಿನ ತಿನ್ನುತ್ತೆ. ಆಗ್ಲೇ ಅಂಟಿದ್ರೆ ಶುದ್ಧ ಅಸಿಟೋನಲ್ಲಿ ಅದ್ದಿ, ತಿಕ್ಬೇಡಿ, ಉಗುರಿನ ಬಣ್ಣ ತೆಗೆಯೋದಲ್ಲ ಕೆಮಿಕಲ್ ಅಂಗಡಿದು, ಕಿಟಕಿ ತೆಗೆದಿಟ್ಟು, ಒಲೆ ದೀಪದಿಂದ ದೂರ. ಆಮೇಲೆ ಪಿವಿಸಿ ಇಲ್ಲದ ಮೈಲಾರ್ ಪೌಚು, ಗಟ್ಟಿ ಮುಚ್ಚಳದ ಡಬ್ಬಿ, ಸಿಲಿಕಾ ಜೆಲ್. ನೀಲಿ ಕಾಳು ಗುಲಾಬಿ ಆದಾಗ ಒಣಗಿಸಿ ಮತ್ತೆ ಹಾಕಿ.

ಇಕ್ಕೇರಿ_ವರಹ:

ಸುಮ ಅವ್ರೇ, ಮೂರು ಮಳೆಗಾಲ ಅಂದ್ರಲ್ಲ, ಅದು ತಪಸ್ಸು. ಒಂದು ಸೇರಿಸ್ತೀನಿ ಮೇಷ್ಟ್ರೇ, ಹಳೇ ಚೀಟಿ ಯಾಕೆ ಮುಖ್ಯ ಅಂದ್ರೆ ಬರೀ ಹೆಮ್ಮೆಗಲ್ಲ. ಸಾಂಸ್ಕೃತಿಕ ವಸ್ತುಗಳ ಕಳ್ಳಸಾಗಣೆ ತಡೆಯೋಕೆ ಯುನೆಸ್ಕೋ ಒಪ್ಪಂದ ಆಗಿದ್ದು 1970ರಲ್ಲಿ, ಅದಕ್ಕಿಂತ ಮುಂಚೆ ಸಂಗ್ರಹದಲ್ಲಿತ್ತು ಅನ್ನೋ ದಾಖಲೆ ಇರೋ ನಾಣ್ಯಕ್ಕೂ ಇಲ್ದೇ ಇರೋದಕ್ಕೂ ಇವತ್ತು ಮ್ಯೂಸಿಯಂನವ್ರು ಬೇರೆ ಬೇರೆ ಕಣ್ಣಲ್ಲಿ ನೋಡ್ತಾರೆ. ಪಾರ್ಥಿಯನ್ನರ ದೊಡ್ಡ ಬೆಳ್ಳಿ ನಾಣ್ಯ, ಟೆಟ್ರಾಡ್ರಾಕ್ಮ್, ಹೊಡೀತಿದ್ದಿದ್ದು ಬಾಗ್ದಾದಿನ ಹತ್ರ ಟೈಗ್ರಿಸ್ ದಡದ ಸೆಲ್ಯೂಸಿಯಾದಲ್ಲಿ, ಅಂದ್ರೆ ಇವತ್ತಿನ ಇರಾಕ್. ಅಲ್ಲಿ ಯುದ್ಧದ ಹೊತ್ತಲ್ಲಿ ಎಷ್ಟು ದಿಬ್ಬ ಅಗೆದು ದೋಚಿದ್ರು ಅಂದ್ರೆ 2003ರಲ್ಲಿ ವಿಶ್ವಸಂಸ್ಥೆನೇ, 1990ರ ಆಗಸ್ಟಿಂದೀಚೆ ಅಕ್ರಮವಾಗಿ ಹೊರಗೆ ಹೋದ ಇರಾಕಿನ ಪುರಾವಸ್ತು ಯಾರೂ ಕೊಳ್ಳೋದು ಮಾರೋದು ಮಾಡ್ಬಾರ್ದು ಅಂತ ನಿರ್ಣಯ ಮಾಡ್ತು. ಅದೇ ಸೆಲ್ಯೂಸಿಯಾದಲ್ಲಿ 1927ರಿಂದ ಮಿಷಿಗನ್ ವಿಶ್ವವಿದ್ಯಾಲಯದವ್ರು ಅಗೆದಾಗ ಯಾವ ಮನೆ, ಯಾವ ಪದರ ಅಂತ ಬರ್ದಿಟ್ರು, ಮೆಕ್‌ಡವೆಲ್ 1935ರಲ್ಲಿ ಆ ನಾಣ್ಯಗಳ ಪುಸ್ತಕ ತಂದ್ರು, ಅದ್ರಿಂದ ಒಂದು ಊರಿನ ಕಾಲಮಾನವೇ ಬಿಡಿಸ್ಕೊಳ್ತು. ದೋಚಿದ್ದು ಅಂದ್ರೆ ಬರೀ ಬೆಳ್ಳಿ ತುಂಡು.

ನಿಮ್ಮ ನಾಣ್ಯದ ಹಿಂದೆ ಬಿಲ್ಲಿನ ಕೆಳಗೆ ಎರಡು ಮೂರು ಗ್ರೀಕ್ ಅಕ್ಷರ ಹೆಣೆದ ಥರ ಒಂದು ಗುರುತು ಇರುತ್ತೆ ನೋಡಿ, ಅದು ಟಂಕಸಾಲೆ ಗುರುತು. ಎಕ್ಬಟಾನ, ಈಗಿನ ಹಮದಾನ್, ಅದೇ ಜಾಸ್ತಿ ಸಿಗೋದು. ಫೋಟೋ ಹಾಕಿ, ಹೇಳ್ತೀನಿ.

ತುಂಗಾತೀರದ_ಮೇಷ್ಟ್ರು:

ಎಲ್ರಿಗೂ ಹೆಂಗೆ ಥ್ಯಾಂಕ್ಸ್ ಹೇಳ್ಬೇಕೋ ಗೊತ್ತಿಲ್ಲ. ಭಾನುವಾರ ಶಿವಮೊಗ್ಗಕ್ಕೆ ಹೋಗಿದ್ದೆ. ಆ ಎರಕದ ನಾಣ್ಯ ವಾಪಸ್ ತಗೊಂಡ್ರು, ಸ್ವಲ್ಪ ಮಾತಾಯ್ತು, ದುಡ್ಡು ಕೊಟ್ರು. ಬನವಾಸಿಲಿ ಯಾರ ಹೊಲ ಅಂತ ಕೇಳಿದೆ, ನಿಧಿ ಕಾಯ್ದೆ ವಿಷಯನೂ ಹೇಳಿದೆ, ತಕ್ಷಣ ಹೊಲನೂ ಇಲ್ಲ ಬನವಾಸಿನೂ ಇಲ್ಲ, ನನಗೆ ಯಾರೋ ಹೇಳಿದ್ರು ಸಾರ್ ಅಂದ್ರು. ಕೊನೆಗೆ ಬಾಯ್ಬಿಟ್ಟಿದ್ದು ಏನಂದ್ರೆ ಮುಂಬೈಯಲ್ಲಿ ಒಂದು ಹಳೇ ಸಂಗ್ರಹ ಒಡೆದು ಮಾರಿದಾಗ ಬಂದ ಗಂಟಲ್ಲಿ ಇದೂ ಇತ್ತಂತೆ, ಅವ್ರೇ ಕೈಯಾರೆ ಬರ್ದು ಸಹಿ ಹಾಕಿ ಒಂದು ರಸೀದಿ ಕೊಟ್ರು. ನಿಜಾನೋ ಅಲ್ವೋ, ಕಾಗದದ ಮೇಲೆ ಬಂತಲ್ಲ, ಮುಂದೆ ಹುಡ್ಕೋಕೆ ಒಂದು ದಾರಿ. ಬನವಾಸಿ ಅಲ್ಲ ಅಂತ ಗೊತ್ತಾದಾಗ ಬೇಜಾರಾಯ್ತು, ಸುಳ್ಳು ಹೇಳಲ್ಲ. ಬಸ್ಸಲ್ಲಿ ಬರೋವಾಗ ಮಂಡಗದ್ದೆ ದಾಟೋವರೆಗೂ ಅದೇ ಯೋಚ್ನೆ.

ಮನೆಗೆ ಬಂದು ಕಾರ್ಡ್ ಬರ್ದೆ. ಒರೋಡೆಸ್ 2, ಡ್ರಾಕ್ಮ್, 3.90 ಗ್ರಾಂ, ಹಳೇ ಲೆಕ್ಕದಲ್ಲಿ ಒರೋಡೆಸ್ 1 ಅಂತ ಬರ್ದ ಚೀಟಿ ಜೊತೆಗಿದೆ, ಶಿವಮೊಗ್ಗದಲ್ಲಿ ಕೊಂಡಿದ್ದು, ಮುಂಬೈ ಸಂಗ್ರಹದಿಂದ ಅಂತ ಮಾರಿದವರ ಹೇಳಿಕೆ, ಅದಕ್ಕೂ ಹಿಂದಿನದು ಗೊತ್ತಿಲ್ಲ. ಆ ಕೊನೇ ಎರಡು ಪದ ಬರೆಯೋಕೆ ಕೈ ಸ್ವಲ್ಪ ತಡೀತು, ಆದ್ರೆ ಬರ್ದೆ. ನಾಳೆ ಕ್ಲಾಸಲ್ಲಿ ನಾಣ್ಯ, ಚೀಟಿ, ಕಾರ್ಡು ಮೂರೂ ತೋರಿಸ್ತೀನಿ, ಸುವಿಶಾಖನ ಕಥೆನೂ ಹೇಳ್ತೀನಿ.

ಒಂದು ಹೊಸ ವಿಷಯ. ಚೀಟಿ ಸ್ಕ್ಯಾನ್ ಮಾಡೋವಾಗ ಹಿಂದುಗಡೆ ಟಾರ್ಚ್ ಓರೆಯಾಗಿ ಹಿಡಿದು ನೋಡಿದ್ರೆ ಪೆನ್ಸಿಲಲ್ಲಿ ಮೂರು ಇಂಗ್ಲಿಷ್ ಅಕ್ಷರ ಇದೆ, ಪದ ಅಲ್ಲ, ಹೆಸರಿನ ಇನಿಶಿಯಲ್ ಥರನೂ ಇಲ್ಲ. ಏನಿರ್ಬಹುದು?

ಶರಾವತಿ_ಸುಮ:

ಅಯ್ಯೋ ಅದು ಕೊಂಡ ಬೆಲೆ ಇರ್ಬೇಕು ಮೇಷ್ಟ್ರೇ! ನಮ್ಮ ಜವಳಿ ಅಂಗಡಿಯವ್ರು ಸೀರೆ ಚೀಟಿ ಮೇಲೆ ಅಕ್ಷರದಲ್ಲಿ ಅಸಲು ಬರ್ಕೊಳ್ತಿದ್ರಲ್ಲ ಗಿರಾಕಿಗೆ ಗೊತ್ತಾಗದ ಹಾಗೆ, ಹಳೇ ನಾಣ್ಯ ವ್ಯಾಪಾರಿಗಳೂ ಹಂಗೇ ಮಾಡೋರು, ಅಕ್ಷರ ಮತ್ತೆ ಬಾರದ ಹತ್ತಕ್ಷರದ ಒಂದು ಪದ ಇಟ್ಕೊಂಡು ಒಂದೊಂದಕ್ಕೆ ಒಂದೊಂದು ಅಂಕಿ. ಒಬ್ಬೊಬ್ಬ ವ್ಯಾಪಾರಿದು ಒಂದೊಂದು ಪದ, ಅದೂ ಕೈಬರಹನೂ ಹೊಂದಿದ್ರೆ ಯಾರ ಕೈ ದಾಟಿ ಬಂತು ಅಂತ ಹಿಡೀಬಹುದು. ಇವತ್ತು ರಾತ್ರಿನೇ ಸ್ಕ್ಯಾನ್ ಕಳ್ಸಿ, ಎರಡೂ ಕಡೆ, ಪಕ್ಕದಲ್ಲಿ ಸ್ಕೇಲ್ ಇಟ್ಟು. ಇಲ್ಲಿ ಮಳೆ ಹಿಡಿದಿದೆ, ನಾನು ಕೂತು ನೋಡ್ತೀನಿ.